ಕೂಲಿಯಿಲ್ಲದ ಚಾಕರಿಯ ವಿರುದ್ಧ ಡಾ. ಅಂಬೇಡ್ಕರ್

ಬಾದಾಮಿ ತಾಲೂಕಿನ ಮಹಾಕೂಟದಲ್ಲಿ ಚಾಲುಕ್ಯರ ಕಾಲದ ಒಂದು ಶಾಸನಸ್ತಂಭವಿತ್ತು. ಇಲ್ಲಿಯ ದೇವಾಲಯಕ್ಕೆ ಹತ್ತು ಊರುಗಳನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಈಗ ಆ ಕಂಬ ವಿಜಯಪುರದ ವಸ್ತುಸಂಗ್ರಹಾಲಯದಲ್ಲಿದೆ. ದತ್ತಿ ಕೊಟ್ಟವರ ಹೆಸರು ಕಲ್ಲಿನಲ್ಲಿ ಉಳಿಯಿತು. ಆ ಊರುಗಳಲ್ಲಿ ದುಡಿದವರಿಗೆ ಏನು ಸಿಕ್ಕಿತೆಂಬುದಕ್ಕೆ ಲೆಕ್ಕವಿಲ್ಲ.

ಅದಾಗಿ ಸಾವಿರದ ಮುನ್ನೂರು ವರ್ಷ ಕಳೆದ ಮೇಲೂ ಊರ ಚಾಕರಿಯ ಸ್ಥಿತಿ ಹೆಚ್ಚೇನೂ ಬದಲಾಗಿರಲಿಲ್ಲ. ಬಾದಾಮಿ, ಹುನಗುಂದ, ಬಾಗಲಕೋಟೆಗಳು ಆಗ ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಗೆ ಸೇರಿದ್ದವು. ವಂಶಪಾರಂಪರ್ಯ ಹುದ್ದೆಗಳಿಗೆ ಸಂಬಂಧಿಸಿದ 1874ರ ಕಾಯ್ದೆ ಆ ಪ್ರಾಂತ್ಯದಲ್ಲಿ ನಡೆಯುತ್ತಿತ್ತು. ಸರಕಾರಿ ಕಾಗದ ಒಯ್ಯುವುದು, ಕಂದಾಯದ ವೇಳೆಗೆ ರೈತರನ್ನು ಕರೆತರುವುದು, ಅಧಿಕಾರಿ ಬಂದರೆ ಹಗಲಿರುಳು ಹಿಂದೆ ನಿಲ್ಲುವುದು ಇವೆಲ್ಲ ಕೆಳದರ್ಜೆಯ ವತನದಾರರ ಪಾಲಿಗೆ ಬಂದ ಕೆಲಸಗಳು. ಅವನಿಗೆ ಬರಲಾಗದಿದ್ದರೆ ಮನೆಯ ಇನ್ನೊಬ್ಬರು ಬರಬೇಕು. ಪ್ರತಿಫಲವೆಂದರೆ ತಲೆಮಾರಿನಿಂದ ತಲೆಮಾರಿಗೆ ಹರಿದು ಹಂಚಿಹೋದ ತುಂಡು ಭೂಮಿ ಮತ್ತು ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯ. ಕೆಲಸ ಸರಕಾರದ್ದು, ಕೂಲಿ ಕೊಡಬೇಕಾದವರು ಊರವರು! ಊರವರ ಮನಸ್ಸು ಕೆಟ್ಟರೆ ಧಾನ್ಯ ನಿಂತುಹೋಗುತ್ತಿತ್ತು. ಚಾಕರಿ ಮಾತ್ರ ನಿಲ್ಲುವಂತಿರಲಿಲ್ಲ.

ಇದನ್ನು ಪ್ರಶ್ನಿಸಿದವರು ಡಾ. ಭೀಮರಾವ್ ಅಂಬೇಡ್ಕರ್. 1891ರಲ್ಲಿ ಮಹೂನಲ್ಲಿ ಜನಿಸಿದ ಅವರು ಇಂಥ ವತನಕ್ಕೆ ಕಟ್ಟುಬಿದ್ದ ಮಹಾರ್ ಸಮುದಾಯದವರು. ಅಮೆರಿಕ, ಇಂಗ್ಲೆಂಡುಗಳಲ್ಲಿ ಅರ್ಥಶಾಸ್ತ್ರ ಕಲಿತು ಬಂದರೂ ಅವರ ವಾಸ ಮುಂಬಯಿಯ ಪರೇಲಿನ ಕಾರ್ಮಿಕರ ಚಾಳಿನಲ್ಲೇ ಇತ್ತು. 1927ರಲ್ಲಿ ಪ್ರಾಂತೀಯ ಶಾಸನಸಭೆಗೆ ನಾಮಕರಣಗೊಂಡ ಅವರು ಮರುವರ್ಷವೇ 1874ರ ಕಾಯ್ದೆಗೆ ತಿದ್ದುಪಡಿ ಮಸೂದೆ ತಂದರು. ಧಾನ್ಯದ ಬದಲು ನಗದು ನಿಗದಿಯಾಗಲಿ, ಅದನ್ನು ಸರಕಾರವೇ ಕಂದಾಯದೊಂದಿಗೆ ವಸೂಲು ಮಾಡಿ ಕೊಡಲಿ, ಚಾಕರಿ ಬೇಡವೆನ್ನುವವನಿಗೆ ಬಿಡುಗಡೆಯ ದಾರಿ ಇರಲಿ ಎಂಬುದು ಅದರ ಆಶಯ. ಬಿಟ್ಟಿ ಸೇವೆ ನಿಂತರೆ ಸಂಬಳದ ಜನರನ್ನು ಇಡಬೇಕಾಗುತ್ತದೆಂಬ ಚಿಂತೆ ಸರಕಾರಕ್ಕೆ. ಪರಿಶೀಲನಾ ಸಮಿತಿಯಲ್ಲಿ ಮಸೂದೆಯ ಸತ್ವ ಸೋರಿಹೋಯಿತು. 1929ರಲ್ಲಿ ಅವರು ಅದನ್ನು ಹಿಂತೆಗೆದುಕೊಂಡರು.

ನಮ್ಮ ಓದುಗರಿಗೆ ಈ ವಿಷಯ ಹೊಸತಲ್ಲ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿವರ್ಯರು(ಸ) ಆಜ್ಞಾಪಿಸಿದ್ದಾರೆ. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಅಂತ್ಯದಿನದಂದು ಸ್ವತಃ ಅಲ್ಲಾಹನೇ ವಾದಿಯಾಗುವನೆಂಬ ಎಚ್ಚರಿಕೆಯೂ ಇದೆ. ಆದರೆ ಒಡೆದ ತಟ್ಟೆಯ ಬೆಲೆಯನ್ನು ಮನೆಗೆಲಸದವಳ ಸಂಬಳದಲ್ಲಿ ಮುರಿದುಕೊಳ್ಳುವವರು, ಕೆಟ್ಟಿದೆಯೆಂದು ಬೀಡಿ ಕಳೆದು ಕಳೆದದ್ದನ್ನೂ ತಾವೇ ಇಟ್ಟುಕೊಳ್ಳುವವರು ನಮ್ಮಲ್ಲಿ ಇಲ್ಲವೇ? ನಮಾಝಿನ ಸಾಲಿನಲ್ಲಿ ಇಂಥವರು ಮುಂದೆಯೇ ನಿಂತಿರಬಹುದು.

ಮುಂಬಯಿಯ ಬಟ್ಟೆ ಗಿರಣಿಗಳ ಕಥೆ ಇನ್ನೊಂದು ಬಗೆಯದು. ಹೆಚ್ಚು ಕೂಲಿ ಸಿಗುವ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಲಾಳಿಯ ನೂಲನ್ನು ಬಾಯಿಂದ ಎಳೆಯಬೇಕಾಗಿದ್ದುದೇ ಅದಕ್ಕೆ ಕಾರಣ. ಕೂಲಿಗಾಗಿ ಮುಷ್ಕರ ಹೂಡಿದ ನಾಯಕರು ಮೊದಲು ಈ ಅನ್ಯಾಯದ ಬಗ್ಗೆ ಮಾತಾಡಲಿ ಎಂದು ಅಂಬೇಡ್ಕರ್ ಪಟ್ಟು ಹಿಡಿದರು. ಮಗ್ಗದ ಸದ್ದಿನಲ್ಲೇ ಬೆಳೆದ ಇಳಕಲ್ಲಿನವರಿಗೆ ಈ ಮಾತಿನ ತೂಕ ಬೇಗ ತಿಳಿದೀತು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. ಮುಷ್ಕರದ ಹಕ್ಕಿಗೆ ಕತ್ತರಿ ಹಾಕುವ ಮಸೂದೆ ಬಂದಾಗ 1938ರ ನವೆಂಬರ್ 7ರಂದು ಒಂದು ದಿನದ ಮುಷ್ಕರಕ್ಕೆ ಕಮ್ಯುನಿಸ್ಟರ ಜೊತೆಗೂಡಿದರು. 1942ರಲ್ಲಿ ವೈಸ್‌ರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಖಾತೆ ಅವರ ಕೈಗೆ ಬಂತು. ಕನಿಷ್ಠ ಕೂಲಿಯ ಮಸೂದೆಯನ್ನು 1946ರ ಏಪ್ರಿಲ್‌ನಲ್ಲಿ ಅವರು ಮಂಡಿಸಿದರು. ಅದು ಕಾಯ್ದೆಯಾದದ್ದು 1948ರಲ್ಲಿ, ಅವರು ಆ ಖಾತೆ ಬಿಟ್ಟ ಮೇಲೆ. ಅವರ ಅಧ್ಯಕ್ಷತೆಯ ಸಮಿತಿ ಕರಡು ರಚಿಸಿದ ಸಂವಿಧಾನದ 23ನೇ ವಿಧಿ ಬಿಟ್ಟಿ ದುಡಿಮೆಯನ್ನು ನಿಷೇಧಿಸಿತು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದೂ ಇದೇ ವಿಧಿಯ ಉಲ್ಲಂಘನೆಯೆಂದು 1982ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

1956ರ ಡಿಸೆಂಬರ್ 6ರಂದು ಅವರು ನಿಧನರಾದರು. ಅದಕ್ಕೆ ಒಂದು ತಿಂಗಳು ಮೊದಲಷ್ಟೇ ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತ್ತು. ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯ್ದೆಯನ್ನು ಇಲ್ಲಿಯ ಶಾಸನಸಭೆ 1961ರಲ್ಲಿ ಮಾಡಿತು. ಅದು ಜಾರಿಗೆ ಬಂದದ್ದು 1963ರ ಫೆಬ್ರವರಿ 1ರಂದು. ವತನದ ಭೂಮಿ ಮೊದಲು ಸರಕಾರಕ್ಕೆ ಸೇರಿ, ನಿಗದಿತ ಹಣ ಕಟ್ಟಿದ ಮೇಲೆ ಹಳೆಯ ಹಿಡುವಳಿದಾರರಿಗೇ ಮರುಮಂಜೂರಾಗಬೇಕಿತ್ತು. ತಲೆಮಾರುಗಟ್ಟಲೆ ಬಿಟ್ಟಿ ದುಡಿದವರು ಆ ತುಂಡು ನೆಲಕ್ಕಾಗಿ ಮತ್ತೆ ಹಣ ಹೊಂದಿಸಬೇಕಾಯಿತು.