ಶಾಂತಿಗ್ರಾಮದ ಶಾಂತಲೆ

ಹಾಸನದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವಾಗ ಶಾಂತಿಗ್ರಾಮದ ಟೋಲ್ ಬಂದರೂ ನಾವು ಮೊಬೈಲಿಂದ ತಲೆ ಎತ್ತಲ್ಲ. ಈ ಹೆಸರು ಹೊಯ್ಸಳ ರಾಣಿ ಶಾಂತಲೆಯಿಂದ ಬಂತು ಅಂತಾರೆ.

ಅವಳ ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಗಂಡ ವಿಷ್ಣುವರ್ಧನ, ಚೋಳರಿಂದ ತಲಕಾಡು ಗೆದ್ದವನು. 1117ರಲ್ಲಿ ಅವನು ಬೇಲೂರಲ್ಲಿ ಚೆನ್ನಕೇಶವನ ಪ್ರತಿಷ್ಠೆ ಮಾಡಿಸಿದ. ಅದೇ ಪ್ರಾಕಾರದಲ್ಲಿರುವ ಕಪ್ಪೆ ಚೆನ್ನಿಗರಾಯನ ಗುಡಿ ಶಾಂತಲೆಯದು. ಅಂದರೆ ಜೈನ ರಾಣಿ ಕಟ್ಟಿಸಿದ ವಿಷ್ಣುವಿನ ಗುಡಿ! 1123ರಲ್ಲಿ ಶ್ರವಣಬೆಳಗೊಳದಲ್ಲಿ ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಅದಕ್ಕೆ ತನ್ನ ಬಿರುದನ್ನೇ ಇಟ್ಟಳು: ಸವತಿಗಂಧವಾರಣ, ಅಂದರೆ ಸವತಿಯರ ಪಾಲಿಗೆ ಮದ್ದಾನೆ. (ಇಂಥ ಬಿರುದು ಇಟ್ಟುಕೊಳ್ಳೋಕೆ ಧೈರ್ಯ ಬೇಕು ಬಿಡಿ.) ಹಾಡು, ವಾದ್ಯ, ನೃತ್ಯ ಮೂರರಲ್ಲೂ ಅವಳು ನಿಪುಣೆ ಅಂತ ಶಾಸನಗಳು ಹೊಗಳುತ್ತವೆ.

ಆದರೆ ನಮಗೆ ಗೊತ್ತಿರೋದು ಅವಳ ಸಾವಿನ ಕತೆ ಮಾತ್ರ. ಮಕ್ಕಳಿಲ್ಲದ ಕೊರಗಿಗೆ ಶಿವಗಂಗೆ ಬೆಟ್ಟದಿಂದ ಹಾರಿದಳು ಅಂತ ಟ್ರೆಕ್ಕಿಂಗ್ ಹೋದವರೆಲ್ಲ ಕೇಳಿರ್ತಾರೆ. 1131ರಲ್ಲಿ ಅವಳು ಶಿವಗಂಗೆಯಲ್ಲಿ ತೀರಿಕೊಂಡದ್ದು ನಿಜ, ಶ್ರವಣಬೆಳಗೊಳದ ಶಾಸನ ಹೇಳುತ್ತೆ. ಹಾರಿದ ಮಾತು ಅದರಲ್ಲಿಲ್ಲ. ಇರೋದು ತಾಯಿಯ ಸಂಕಟ. ಮಗಳು ಹೋದ ಮೇಲೆ ತಾನು ಉಳಿಯಬಾರದು ಅಂತ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸಲ್ಲೇಖನ ವ್ರತ ಹಿಡಿದು ಪ್ರಾಣ ಬಿಟ್ಟಳು.