ಸನದಿಗಿಂತ ಮನಸ್ಸಾಕ್ಷಿ ದೊಡ್ಡದೆಂದ ದುರ್ಗದ ವಕೀಲರು

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ರೈತರು ಜಮೀನಿನ ಕಾಗದಪತ್ರ ಹಿಡಿದು ಚಿತ್ರದುರ್ಗದ ವಕೀಲರ ಮನೆಬಾಗಿಲಿಗೆ ಬರುವುದು ಹಳೆಯ ರೂಢಿ. ಅದೇ ಊರಿನಲ್ಲಿ ವಕೀಲಿ ಮಾಡಿ, ಮುಂದೆ ನಾಡಿನ ಮುಖ್ಯಮಂತ್ರಿಯಾದವರು ಎಸ್. ನಿಜಲಿಂಗಪ್ಪನವರು. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಅವರ ಬಾಳಿನಲ್ಲಿ ಕ್ರೈಸ್ತ ಕುಟುಂಬಗಳು ಕಲಿಯಬೇಕಾದ ಪಾಠವಿದೆ.

ಅವರು ಹುಟ್ಟಿದ್ದು 1902ರ ಡಿಸೆಂಬರ್ 10ರಂದು, ಹಲುವಾಗಲು ಗ್ರಾಮದಲ್ಲಿ. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ದೈವಭಕ್ತೆಯಾದ ತಾಯಿ ಮಗನನ್ನು ಬೆಳೆಸಿದರು. ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪದವಿ ಪಡೆದು, 1926ರಲ್ಲಿ ಪುಣೆಯಲ್ಲಿ ಕಾನೂನು ಪರೀಕ್ಷೆ ಮುಗಿಸಿದರು. ತಂದೆಯಿಲ್ಲದ ಹುಡುಗನಿಗೆ ವಕೀಲಿಯೆಂದರೆ ಅನ್ನದ ದಾರಿ, ಮನೆಯ ಗೌರವ.

ಆ ದಾರಿಗೆ ಪರೀಕ್ಷೆ ಬಂದದ್ದು 1939ರಲ್ಲಿ. ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಈಚಲು ಮರ ಕಡಿಯುವ ಸತ್ಯಾಗ್ರಹ ನಡೆಯಿತು. ಈಚಲಿನಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ಆದಾಯ. ಬಡವರ ಮನೆಗೆ ಮಾತ್ರ ಕಣ್ಣೀರು. ನಿಜಲಿಂಗಪ್ಪನವರು ಚಳವಳಿಯ ಮುಂದಾಳಾದರು. ಕಾನೂನು ಬಲ್ಲವರಿಗೆ ಶಿಕ್ಷೆ ಏನೆಂಬುದು ತಿಳಿಯದೆ? ತಿಳಿದೇ ಸೆರೆಮನೆಗೆ ಹೋದರು. ಹೋರಾಟದ ಕಾರಣದಿಂದ ವಕೀಲಿ ಸನದನ್ನೂ ಕಳೆದುಕೊಳ್ಳಬೇಕಾಯಿತು.

ಸನದು ಹೋದವರನ್ನು ದೇಶ ಕೈಬಿಡಲಿಲ್ಲ. ಸಂವಿಧಾನ ರಚನಾ ಸಭೆಯಲ್ಲಿ ಅವರು ಸದಸ್ಯರಾಗಿ ಕುಳಿತರು. ಆ ಸಭೆ ಕೊಟ್ಟ ಸಂವಿಧಾನದ 226ನೇ ವಿಧಿಯಿಂದಾಗಿ, ಸರ್ಕಾರಿ ಕಚೇರಿಯಿಂದ ಅನ್ಯಾಯವಾದ ಬಡವನೂ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು. ಅಧಿಕಾರಿಯೂ ಕಾನೂನಿಗೆ ಉತ್ತರ ಕೊಡಲೇಬೇಕು.

1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅವರೇ ಮೊದಲ ಮುಖ್ಯಮಂತ್ರಿಯಾದರು. ಆದರೆ 1962ರ ಚುನಾವಣೆಯಲ್ಲಿ, ತಮ್ಮದೇ ಜಿಲ್ಲೆಯ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿದರು! ಎಸ್. ಆರ್. ಕಂಠಿಯವರು ಸುಮಾರು ಮೂರು ತಿಂಗಳು ಮುಖ್ಯಮಂತ್ರಿಯಾಗಿದ್ದರು. ಬಾಗಲಕೋಟೆಯಿಂದ ಆಯ್ಕೆಯಾದ ಮೇಲೆ ನಿಜಲಿಂಗಪ್ಪನವರು ಮತ್ತೆ ಅಧಿಕಾರ ವಹಿಸಿಕೊಂಡು 1968ರವರೆಗೆ ಆಳಿದರು. ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರೂ ಆದರು. 1969ರಲ್ಲಿ ಪಕ್ಷ ಒಡೆದಾಗ ಪ್ರಧಾನಿ ಇಂದಿರಾ ಗಾಂಧಿಯವರ ಎದುರು ನಿಂತರು; ಅಧಿಕಾರ ದೂರವಾಯಿತು. ಸೋಲಿಸಿದ ಜಿಲ್ಲೆಯನ್ನು ಅವರು ತೊರೆಯಲಿಲ್ಲ. ಚಿತ್ರದುರ್ಗದಲ್ಲಿಯೇ ಸರಳವಾಗಿ ಬಾಳಿ, 2000ದ ಆಗಸ್ಟ್ 8ರಂದು, 97ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಅದೇ ವರ್ಷದ ಅಕ್ಟೋಬರ್ 31ರಂದು ಜಗದ್ಗುರು ಎರಡನೆಯ ಜಾನ್ ಪಾಲ್ ಅವರು ಸಂತ ಥಾಮಸ್ ಮೋರ್ ಅವರನ್ನು ರಾಜಕಾರಣಿಗಳ ಪಾಲಕ ಸಂತರೆಂದು ಘೋಷಿಸಿದರು. ಮೋರ್ ಕೂಡ ವಕೀಲರು. ಇಂಗ್ಲೆಂಡಿನ ಅರಸನನ್ನು ಧರ್ಮಸಭೆಯ ಮುಖ್ಯಸ್ಥನೆಂದು ಒಪ್ಪದೆ 1535ರಲ್ಲಿ ಪ್ರಾಣವನ್ನೇ ಕೊಟ್ಟರು. ಇಬ್ಬರ ಕಾಲ ಬೇರೆ, ಧರ್ಮ ಬೇರೆ, ತೆತ್ತ ಬೆಲೆಯೂ ಬೇರೆ. ಆದರೆ ಮನಸ್ಸಾಕ್ಷಿಗಿಂತ ಹುದ್ದೆ ದೊಡ್ಡದಲ್ಲವೆಂದು ಇಬ್ಬರೂ ಬದುಕಿ ತೋರಿಸಿದರು.

ಪ್ರಿಯ ತಂದೆತಾಯಂದಿರೇ, ಮಕ್ಕಳು ವಕೀಲರಾಗಲಿ, ಅಧಿಕಾರಿಗಳಾಗಲಿ ಎಂದು ನಾವು ಜಪಸರ ಹಿಡಿದು ಬೇಡುತ್ತೇವೆ. ಒಳ್ಳೆಯದೇ. ಜೊತೆಗೆ ಇನ್ನೊಂದನ್ನೂ ಬೇಡೋಣ: ತಪ್ಪು ಕಾಗದಕ್ಕೆ ಸಹಿ ಹಾಕಬೇಕಾಗಿ ಬಂದ ದಿನ ಲೇಖನಿಯನ್ನು ಕೆಳಗಿಡುವ ಧೈರ್ಯವನ್ನು ದೇವರು ಅವರಿಗೆ ಕೊಡಲಿ. ಅಂದು ಅವರು ಬರಿಗೈಯಲ್ಲಿ ಮನೆಗೆ ಬಂದರೆ, ಅವರನ್ನು ಹಳಿಯದೆ ಅಪ್ಪಿಕೊಳ್ಳುವ ಮನಸ್ಸನ್ನು ನಮಗೂ ಕೊಡಲಿ.