ನಿಘಂಟುಕಾರ ಕಿಟೆಲ್

ಒಂದು ಭಾಷೆಯ ಪದಸಂಪತ್ತು ಅದನ್ನಾಡುವ ಜನರ ನಾಲಗೆಯ ಮೇಲೂ ಅದರ ಕವಿಗಳ ಕೃತಿಗಳಲ್ಲೂ ಹರಡಿಕೊಂಡಿರುತ್ತದೆ. ಆ ಸಂಪತ್ತನ್ನು ಒಂದೆಡೆ ಕೂಡಿಸಿ, ಪ್ರತಿಯೊಂದು ಪದದ ರೂಪವನ್ನೂ ಅರ್ಥವನ್ನೂ ನಿರ್ಣಯಿಸಿ, ಮುಂದಿನ ತಲೆಮಾರಿನ ಕೈಗೆ ಒಪ್ಪಿಸುವುದು ನಿಘಂಟುಕಾರನ ಕೆಲಸ. ಕವಿಗೆ ದೊರೆಯುವ ಕೀರ್ತಿ ಅವನಿಗೆ ದೊರೆಯುವುದು ವಿರಳ. ದುಡಿಮೆಯಾದರೋ ಜೀವಮಾನವನ್ನೇ ಬೇಡುವಂಥದು. ಕನ್ನಡಕ್ಕೆ ಇಂಥ ಸೇವೆಯನ್ನು ಸಲ್ಲಿಸಿದವರಲ್ಲಿ ಅಗ್ರಗಣ್ಯರು ಜರ್ಮನಿಯ ಫರ್ಡಿನೆಂಡ್ ಕಿಟೆಲ್.

ಕಿಟೆಲ್ ಅವರು 1832ನೆಯ ಇಸವಿ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಸಮುದ್ರತೀರಕ್ಕೆ ಸಮೀಪವಾದ ರೆಸ್ಟರ್‌ಹಾಫೆ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ತಂದೆ ಕ್ರೈಸ್ತ ಧರ್ಮೋಪದೇಶಕರು. ಬಾಲಕ ಫರ್ಡಿನೆಂಡನು ಔರಿಖ್ ಪಟ್ಟಣದ ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತನು. ಆ ಕಾಲದ ಜರ್ಮನಿಯಲ್ಲಿ ಪ್ರಾಚೀನ ಲ್ಯಾಟಿನ್ ಸಾಹಿತ್ಯದ ಅಧ್ಯಯನವು ಒಂದು ಶಾಸ್ತ್ರದ ಬಿಗಿಯನ್ನು ಪಡೆದಿತ್ತು. ಕಾರ್ಲ್ ಲಾಖ್‌ಮನ್ ಎಂಬ ಪಂಡಿತರು ರೋಮಿನ ಕವಿ ಲುಕ್ರೇಷಿಯಸನ ಕಾವ್ಯವನ್ನು 1850ರಲ್ಲಿ ಪ್ರಕಟಿಸಿದಾಗ ಹಸ್ತಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ, ಲಿಪಿಕಾರರ ಕೈತಪ್ಪುಗಳನ್ನು ಕಳೆದು, ಕವಿಯ ಮೂಲಪಾಠವನ್ನು ಕಂಡುಕೊಳ್ಳುವ ಮಾರ್ಗವನ್ನು ತೋರಿಸಿದ್ದರು. ಸಾಕ್ಷ್ಯವಿಲ್ಲದೆ ಯಾವುದನ್ನೂ ಒಪ್ಪಬಾರದೆಂಬುದು ಆ ವಿದ್ವತ್ತಿನ ಮೊದಲ ಪಾಠ. ಮುಂದೆ ಕಿಟೆಲ್ ಅವರು ಕನ್ನಡದಲ್ಲಿ ಮಾಡಿದ ಕೆಲಸದಲ್ಲೆಲ್ಲ ಇದೇ ಶಿಸ್ತು ಕಾಣುತ್ತದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿದ್ದ ಬಾಸೆಲ್ ಮಿಶನ್ ಎಂಬ ಸಂಸ್ಥೆಯು 1834ರಿಂದ ಮಂಗಳೂರನ್ನು ಕೇಂದ್ರವಾಗಿ ಮಾಡಿಕೊಂಡು ಧರ್ಮಪ್ರಚಾರ ನಡೆಸುತ್ತಿತ್ತು. ಶಾಲೆಗಳನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿತ್ತು. ಅಲ್ಲಿದ್ದ ಹರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ಹೊರತಂದರು. ದಾಸರ ಪದಗಳು, ಜೈಮಿನಿ ಭಾರತ, ಬಸವಪುರಾಣ ಮೊದಲಾದ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದರು. ಬಾಸೆಲಿನಲ್ಲಿ ಶಿಕ್ಷಣ ಪಡೆದ ಕಿಟೆಲ್ ಅವರು ಇದೇ ಸಂಸ್ಥೆಯ ಉಪದೇಶಕರಾಗಿ 1853ರಲ್ಲಿ ಭಾರತಕ್ಕೆ ಬಂದರು. ಆಗ ಅವರ ವಯಸ್ಸು ಇಪ್ಪತ್ತೊಂದು.

ಮೊದಲ ವರ್ಷಗಳು ಹುಬ್ಬಳ್ಳಿ ಧಾರವಾಡಗಳ ಸೀಮೆಯಲ್ಲಿ ಕಳೆದವು. ತರುಣ ಕಿಟೆಲ್ ಅವರು ಹಳ್ಳಿಯಿಂದ ಹಳ್ಳಿಗೆ ಕಾಲ್ನಡಿಗೆಯಿಂದ ಸಂಚರಿಸಿದರು. ಜನರೊಡನೆ ಜನರಾಗಿ ಬೆರೆತರೆ ಮಾತ್ರ ಅವರ ಭಾಷೆಯೂ ಮನಸ್ಸೂ ತಿಳಿಯುವುದೆಂದು ಅವರು ನಂಬಿದ್ದರು. ಈ ನಡೆ ಸಂಸ್ಥೆಯ ಹಿರಿಯರಿಗೆ ಹಿಡಿಸಲಿಲ್ಲ. ಉಪದೇಶಕನು ಸಂಸ್ಥೆಯ ಕಟ್ಟಳೆಗೆ ಒಳಪಟ್ಟು ನಡೆಯಬೇಕು; ಊರೂರು ತಿರುಗುವುದಾಗಲಿ, ಕಾವ್ಯ ವ್ಯಾಕರಣಗಳಲ್ಲಿ ಮುಳುಗುವುದಾಗಲಿ ಅವನ ಮುಖ್ಯ ಕೆಲಸವಲ್ಲ ಎಂಬುದು ಅವರ ಮತ. ಹೀಗೆ ಯಾವ ಕಾರ್ಯಕ್ಕೆಂದು ಬಂದರೋ ಅದರ ಕರೆ ಒಂದು ಕಡೆ, ಯಾವುದು ತಮ್ಮನ್ನು ಸೆಳೆಯಿತೋ ಅದರ ಕರೆ ಮತ್ತೊಂದು ಕಡೆ, ಇವುಗಳ ನಡುವೆ ಅವರು ಬಹುಕಾಲ ಬಾಳಬೇಕಾಯಿತು. ಅವರು ಎರಡನ್ನೂ ಬಿಡಲಿಲ್ಲ. ಕ್ರಿಸ್ತನ ಚರಿತೆಯನ್ನು ಕನ್ನಡದ ಷಟ್ಪದಿಗಳಲ್ಲಿ ಹಾಡಿ, 1862ರಲ್ಲಿ ಕಥಾಮಾಲೆ ಎಂಬ ಹೆಸರಿನಿಂದ ಪ್ರಕಟಿಸಿದರು. ಪರದೇಶದಿಂದ ಬಂದು ಒಂಬತ್ತು ವರ್ಷಗಳೊಳಗೆ ಕುಮಾರವ್ಯಾಸ, ಲಕ್ಷ್ಮೀಶರ ಛಂದಸ್ಸನ್ನು ಕೈವಶ ಮಾಡಿಕೊಂಡದ್ದು ಸಾಮಾನ್ಯ ಸಾಧನೆಯಲ್ಲ.

ಗೃಹಜೀವನದಲ್ಲಿಯೂ ಅವರಿಗೆ ದುಃಖ ತಪ್ಪಲಿಲ್ಲ. 1860ರಲ್ಲಿ ಅವರ ಕೈಹಿಡಿದ ಪಾಲಿನ್ ಅವರು ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಕೆಲವು ಕಾಲದ ಮೇಲೆ ಅವರು ಪಾಲಿನ್ ಅವರ ಸೋದರಿ ಜೂಲಿ ಅವರನ್ನು ಮದುವೆಯಾದರು. ಮಂಗಳೂರು, ಮಡಿಕೇರಿ ಮೊದಲಾದೆಡೆಗಳಲ್ಲಿ ಅವರ ವಾಸವೂ ವ್ಯಾಸಂಗವೂ ಮುಂದುವರಿದವು.

ಕನ್ನಡದ ಒಳಹೊಕ್ಕು ನೋಡಬೇಕಾದರೆ ಪ್ರಾಚೀನ ಲಕ್ಷಣಗ್ರಂಥಗಳೇ ಬಾಗಿಲೆಂಬುದನ್ನು ಕಿಟೆಲ್ ಅರಿತರು. ತಾಳೆಯೋಲೆಯ ಪ್ರತಿಗಳನ್ನು ಸಂಗ್ರಹಿಸಿ, ಪಾಠಗಳನ್ನು ಹೋಲಿಸಿ, ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳ ತರುವಾಯ, ಎಂದರೆ 1875ರಲ್ಲಿ, ನಾಗವರ್ಮನ ಛಂದೋಂಬುಧಿ ಹೊರಬಂದಿತು. ಅದಕ್ಕೆ ಅವರು ಬರೆದ ಇಂಗ್ಲಿಷ್ ಪ್ರಬಂಧದಲ್ಲಿ ಕನ್ನಡ ಕವಿಗಳನ್ನು ಕಾಲಕ್ರಮದಲ್ಲಿ ಜೋಡಿಸಿ ಸಾಹಿತ್ಯದ ಚರಿತ್ರೆಯನ್ನು ನಿರೂಪಿಸಲು ಯತ್ನಿಸಿದ್ದಾರೆ. ಅಂದಿಗೆ ಅಂಥ ಪ್ರಯತ್ನ ಹೊಸತಾಗಿತ್ತು.

ಇವೆಲ್ಲವೂ ಒಂದು ಮಹಾಕಾರ್ಯಕ್ಕೆ ಪೀಠಿಕೆಯಾದವು. ಕಿಟೆಲ್ ಅವರು ಹುಟ್ಟಿದ ವರ್ಷದಲ್ಲಿಯೇ ವಿಲಿಯಂ ರೀವ್ ಎಂಬವರು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು ಅಚ್ಚಾಗಿತ್ತು. ಆದರೆ ಹಳಗನ್ನಡ ಕಾವ್ಯಗಳನ್ನು ಓದುವವರಿಗೆ ಅದು ಸಾಲುತ್ತಿರಲಿಲ್ಲ. ಹಳೆಯ ಕಾವ್ಯಗಳ ಪದಗಳನ್ನೂ ಜನರ ಬಾಯಿಮಾತನ್ನೂ ಒಳಗೊಂಡ ನಿಘಂಟೊಂದನ್ನು ರಚಿಸುವ ಹೊಣೆಯನ್ನು ಕಿಟೆಲ್ ಹೊತ್ತರು. ಅಂದು ಕನ್ನಡ ನಾಡು ಮೈಸೂರು ಸಂಸ್ಥಾನ, ಮುಂಬಯಿ ಮತ್ತು ಮದರಾಸು ಪ್ರಾಂತಗಳು, ನಿಜಾಮರ ರಾಜ್ಯ, ಕೊಡಗು ಎಂದು ಹಂಚಿಹೋಗಿತ್ತು. ಒಂದು ಸೀಮೆಯ ಮಾತು ಇನ್ನೊಂದು ಸೀಮೆಯವರಿಗೆ ತಿಳಿಯದಿರುವುದೂ ಉಂಟು. ಕಿಟೆಲ್ ಅವರು ಈ ಎಲ್ಲೆಗಳನ್ನು ದಾಟಿ ಪದಗಳನ್ನು ಕೂಡಿಸಿದರು. ದೇಶೀಯ ಪಂಡಿತರ ನೆರವನ್ನು ಪಡೆದರು.

ಅವರ ಕ್ರಮವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಂದು ನಾವು ಬಾಳು ಎಂದರೆ ಜೀವನ. ಹಳೆಯ ಕಾವ್ಯದಲ್ಲಿ ಬಾಳ್ ಎಂದರೆ ಖಡ್ಗವೂ ಹೌದು. ಒಂದೇ ಪದಕ್ಕೆ ಇಷ್ಟು ದೂರದ ಎರಡು ಅರ್ಥಗಳು ಹೇಗೆ ಬಂದವು? ಹಳಗನ್ನಡದಲ್ಲಿ ಇವು ಎರಡು ಬೇರೆ ಪದಗಳು. ಜೀವಿಸು ಎಂಬರ್ಥದ ಬಾೞ್ ಎಂಬುದರಲ್ಲಿ ಇದ್ದದ್ದು ಇಂದು ಬಳಕೆ ತಪ್ಪಿರುವ ೞ ಎಂಬ ಅಕ್ಷರ. ಖಡ್ಗ ಎಂಬರ್ಥದ ಪದದಲ್ಲಿ ಇದ್ದದ್ದು ಳ. ಆ ಅಕ್ಷರ ಲೋಪವಾದ ಮೇಲೆ ಎರಡೂ ಒಂದೇ ರೂಪ ತಾಳಿದವು. ಇದನ್ನು ಊಹೆಯಿಂದ ನಿರ್ಣಯಿಸಲಾಗದು. ಕೇಶಿರಾಜನ ಸೂತ್ರಗಳನ್ನು ನೋಡಬೇಕು, ಕವಿಪ್ರಯೋಗವನ್ನು ಹುಡುಕಬೇಕು, ತಮಿಳಿನಂತಹ ಸೋದರ ಭಾಷೆಗಳನ್ನು ಕೇಳಬೇಕು. ಕಿಟೆಲ್ ಅವರು ಹೀಗೆ ತಮಿಳು, ತೆಲುಗು, ಮಲಯಾಳ, ತುಳು ಭಾಷೆಗಳ ಸಮಾನ ಪದಗಳನ್ನು ಸಾಕ್ಷಿಗೆ ಕರೆದರು. ಉಡುಪಿಯ ಬಳಿಯ ಶಂಕರಪುರವು ಮಲ್ಲಿಗೆಗೆ ಹೆಸರಾದ ಊರು. ಆ ಸೀಮೆಯಲ್ಲಿ ತುಳು ಆಡುವವರ ಬಾಯಲ್ಲಿ ಹೂವು ಇಂದಿಗೂ ಪೂ ಎನಿಸಿಕೊಳ್ಳುತ್ತದೆ. ಹಳಗನ್ನಡದ ಕವಿಗಳು ಬಳಸಿದ್ದೂ ಪೂ ಎಂಬ ರೂಪವನ್ನೇ. ಓಲೆಗರಿಯಲ್ಲಿ ಉಳಿದದ್ದು ನೆರೆಯವರ ನಾಲಗೆಯಲ್ಲಿಯೂ ಉಳಿದಿರುತ್ತದೆಂಬುದಕ್ಕೆ ಇದಕ್ಕಿಂತ ಸುಲಭವಾದ ನಿದರ್ಶನ ಬೇಕಿಲ್ಲ.

ಕಾವ್ಯದ ಪದಗಳಿಗೆ ಕೊಟ್ಟ ಗೌರವವನ್ನು ಕಿಟೆಲ್ ಗಾದೆಗಳಿಗೂ ಕೊಟ್ಟರು. ಒಕ್ಕಲಿಗನ ಉಪಕರಣ, ಅಡುಗೆಮನೆಯ ಪಾತ್ರೆ, ಗಿಡಮರಗಳ ಹೆಸರು ಎಲ್ಲಕ್ಕೂ ಅಲ್ಲಿ ಸ್ಥಾನ ದೊರೆಯಿತು. ಪದವು ಯಾವ ಗ್ರಂಥದ್ದು, ಯಾವ ಸೀಮೆಯದು ಎಂಬುದನ್ನು ಸಂಕೇತಾಕ್ಷರಗಳಿಂದ ಸೂಚಿಸಿದರು. ಓದುವವನು ತಮ್ಮ ಮಾತನ್ನು ಸುಮ್ಮನೆ ನಂಬಬೇಕಿಲ್ಲ. ಬೇಕಾದರೆ ತಾನೇ ಮೂಲಕ್ಕೆ ಹೋಗಿ ಪರೀಕ್ಷಿಸಬಹುದು.

ಈ ಕೆಲಸವು ಹತ್ತಿರ ಹತ್ತಿರ ಎರಡು ದಶಕಗಳನ್ನು ನುಂಗಿತು. 1877ರಲ್ಲಿ ಜರ್ಮನಿಗೆ ಮರಳಿದ ಕಿಟೆಲ್ ಅವರು ನಿಘಂಟಿಗಾಗಿಯೇ 1883ರಲ್ಲಿ ಮತ್ತೆ ಭಾರತಕ್ಕೆ ಬಂದರು. ಎಡೆಬಿಡದ ದುಡಿಮೆಯಿಂದ ದೇಹ ಜರ್ಜರವಾಯಿತು; ಕಣ್ಣಿನ ಶಕ್ತಿ ಕುಂದಿತು. 1892ರಲ್ಲಿ ಅವರು ಭಾರತವನ್ನು ಶಾಶ್ವತವಾಗಿ ಬಿಡಬೇಕಾಯಿತು. ಕೆಲಸವನ್ನು ಮಾತ್ರ ಬಿಡಲಿಲ್ಲ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಅದರಲ್ಲಿ 1752 ಪುಟಗಳಿದ್ದು, ಸುಮಾರು 70,000 ಪದಗಳಿವೆ.

ಈ ಸಾಧನೆಯ ಗಾತ್ರವನ್ನು ಅಳೆಯಲು ಅದೇ ವರ್ಷದ ಇನ್ನೊಂದು ಸಂಗತಿಯನ್ನು ನೆನೆಯಬಹುದು. 1894ರಲ್ಲಿಯೇ ಬರ್ಲಿನ್, ಗಟ್ಟಿಂಗೆನ್, ಲೈಪ್‌ಜಿಗ್, ಮ್ಯೂನಿಕ್, ವಿಯೆನ್ನಾ ನಗರಗಳ ಐದು ವಿದ್ವತ್ಸಂಸ್ಥೆಗಳು ಒಂದುಗೂಡಿ ಲ್ಯಾಟಿನ್ ಭಾಷೆಯ ಬೃಹತ್ ಕೋಶವೊಂದನ್ನು ಕೈಗೊಂಡವು. ಅದರ ಮೊದಲ ಕಂತು 1900ರಲ್ಲಿ ಪ್ರಕಟವಾಯಿತು. ಪಂಡಿತರ ಹಲವು ತಲೆಮಾರುಗಳು ದುಡಿದಿದ್ದರೂ ಆ ಕೋಶ ಇನ್ನೂ ಪೂರ್ಣವಾಗಿಲ್ಲ. ಅದರ ಹರವು ಬೇರೆ, ಸಾಮಗ್ರಿ ಬೇರೆ ಎಂಬುದು ನಿಜ. ಆದರೂ ಅಂಥ ಕಾರ್ಯದ ಭಾರ ಎಷ್ಟೆಂಬುದನ್ನು ಬಲ್ಲವರಿಗೆ, ಕೆಲವೇ ಪಂಡಿತರ ನೆರವಿನಿಂದ ಕಿಟೆಲ್ ಎಳೆದ ತೇರು ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

1896ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು. ಅಷ್ಟಕ್ಕೆ ತೃಪ್ತಿಪಟ್ಟು ಅವರು ವಿಶ್ರಮಿಸಲಿಲ್ಲ. ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ಒಳಗೊಂಡ ಕನ್ನಡ ವ್ಯಾಕರಣವೊಂದನ್ನು ಇಂಗ್ಲಿಷಿನಲ್ಲಿ ರಚಿಸಿದರು. ಅದು 1903ರಲ್ಲಿ ಮಂಗಳೂರಿನಿಂದ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್ ತಿಂಗಳಿನಲ್ಲಿ ಟ್ಯೂಬಿಂಗೆನ್ನಿನಲ್ಲಿ ಅವರು ಕಣ್ಮುಚ್ಚಿದರು.

ಕಿಟೆಲ್ ಅವರ ನಿಘಂಟು ಸರ್ವಸಂಪೂರ್ಣವೆಂದು ಹೇಳುವಂತಿಲ್ಲ. ಪಂಪಭಾರತವೂ ಕವಿರಾಜಮಾರ್ಗವೂ ಅಚ್ಚಾದುದು 1898ರಲ್ಲಿ. ವಡ್ಡಾರಾಧನೆ ಬೆಳಕಿಗೆ ಬಂದುದು ಇನ್ನೂ ತಡವಾಗಿ. ಆದಕಾರಣ ಹಳಗನ್ನಡದ ಎಷ್ಟೋ ಪದಗಳು ಅವರಿಗೆ ದೊರೆತಿರಲಿಲ್ಲ. ಆದರೆ ಅವರು ಹಾಕಿದ ಅಡಿಪಾಯ ಗಟ್ಟಿಯಾಗಿದ್ದುದರಿಂದ ಅದರ ಮೇಲೆ ಮುಂದಿನವರು ಕಟ್ಟಲು ಸಾಧ್ಯವಾಯಿತು. ಮರಿಯಪ್ಪ ಭಟ್ಟರು ಅದನ್ನು ಪರಿಷ್ಕರಿಸಿ ವಿಸ್ತರಿಸಿದರು. ಮದರಾಸು ವಿಶ್ವವಿದ್ಯಾಲಯವು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಅದನ್ನು ಪ್ರಕಟಿಸಿತು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು 1970ರಿಂದ 1995ರವರೆಗೆ ಹೊರಬಂದಿತು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟನ್ನು ಪ್ರಕಟಿಸಿ, ಕರಾವಳಿಯ ನುಡಿಗೂ ಅಂಥದೇ ಭಂಡಾರವನ್ನು ಕಟ್ಟಿಕೊಟ್ಟಿತು. ಧಾರವಾಡದ ಕಿಟೆಲ್ ಕಾಲೇಜು, ಬೆಂಗಳೂರಿನಲ್ಲಿರುವ ಕಿಟೆಲ್ ಪ್ರತಿಮೆ ಇವು ಅವರ ಹೆಸರನ್ನು ಉಳಿಸಿವೆ.

ಕಲಿಸಲೆಂದು ಬಂದ ಕಿಟೆಲ್ ಅವರು ಈ ನಾಡಿನಿಂದ ಕಲಿತದ್ದೇ ಹೆಚ್ಚು. ಹೊಲದಲ್ಲಿ ದುಡಿಯುವವನ ಮಾತನ್ನೂ ಕೇಶಿರಾಜನ ಸೂತ್ರವನ್ನೂ ಒಂದೇ ಶ್ರದ್ಧೆಯಿಂದ ಕೇಳಿಸಿಕೊಂಡದ್ದು ಅವರ ಹಿರಿಮೆ. ಮನೆಯಲ್ಲಿ ಹಿರಿಯರು ಆಡುವ ಎಷ್ಟೋ ಮಾತುಗಳು ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿವೆ. ಅವುಗಳಲ್ಲಿ ಒಂದರ ಅರ್ಥವನ್ನು ವಿಚಾರಿಸಿ ಬರೆದಿಡುವ ಬಾಲಕ ಬಾಲಕಿಯರು ಕಿಟೆಲ್ ಅವರ ಕೆಲಸದಲ್ಲಿ ಪಾಲುದಾರರಾಗುತ್ತಾರೆ.